ಹೊಲದಲ್ಲಿರದ ಕಳ್ಳ: 2000ನೇ ಇಸವಿಯಲ್ಲಿ ಅನಂತಪುರದ ಕಡಲೆಕಾಯಿ ಒಣಗಿದ ಕಥೆ

ಪಾವಗಡ ತಾಲ್ಲೂಕಿನ ನಕ್ಷೆ ನೋಡಿದವರಿಗೆ ಗೊತ್ತು. ಹೆಸರಿಗೆ ಅದು ತುಮಕೂರು ಜಿಲ್ಲೆ, ಸುತ್ತಲೂ ಹೆಚ್ಚುಕಡಿಮೆ ಆಂಧ್ರವೇ. ಮಳೆ, ಮಣ್ಣು, ಬೆಳೆ ಎಲ್ಲವೂ ಪಕ್ಕದ ಅನಂತಪುರದಂತೆಯೇ. ಅಲ್ಲಿ ಕಡಲೆಕಾಯಿಗೆ ಏನಾದರೂ ಆದರೆ ಪಾವಗಡ, ಚಳ್ಳಕೆರೆ, ಬಾಗೇಪಲ್ಲಿ ಕಡೆಯವರು ಕಿವಿಗೊಡಲೇಬೇಕು. 2000ನೇ ಇಸವಿಯ ಮುಂಗಾರಿನಲ್ಲಿ ಅಲ್ಲಿ ನಡೆದದ್ದು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ, ಅದಕ್ಕೇ ಈ ಬರಹ.

ಆಗ ಅನಂತಪುರವೆಂದರೆ ದೇಶದಲ್ಲೇ ಅತಿ ಹೆಚ್ಚು ಕಡಲೆಕಾಯಿ ಬಿತ್ತುತ್ತಿದ್ದ ಜಿಲ್ಲೆ. ಇವತ್ತಿನ ಶ್ರೀ ಸತ್ಯಸಾಯಿ ಜಿಲ್ಲೆಯೂ ಆಗ ಅದರೊಳಗೇ ಇತ್ತು. ಹೆಚ್ಚಿನವರು ಬಿತ್ತುತ್ತಿದ್ದದ್ದು ಟಿಎಂವಿ-2, ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ನಮ್ಮ ಬಯಲುಸೀಮೆಯಲ್ಲೂ ಅದೇ. ಅರವತ್ತು ವರ್ಷ ಒಂದೇ ತಳಿ, ಕಣ್ಣು ಹಾಯುವವರೆಗೆ ಒಂದೇ ಬೆಳೆ.

ಆ ವರ್ಷ ಎಳೆಯ ಗಿಡಗಳ ಎಲೆಯ ಮೇಲೆ ಸುಟ್ಟಂಥ ಮಚ್ಚೆ ಬಂತು. ಮಚ್ಚೆ ತೊಟ್ಟಿಗಿಳಿಯಿತು, ತೊಟ್ಟಿನಿಂದ ಕಾಂಡಕ್ಕೆ. ಕಾಂಡ ಕಪ್ಪಾಗಿ, ಕುಡಿ ಬಾಡಿ, ಗಿಡವೇ ಸತ್ತುಹೋಯಿತು. ಉಳಿದ ಗಿಡ ಕಿತ್ತರೆ ಕಾಯಿಯ ಮೇಲೂ ಕಪ್ಪು ಕಲೆ. ಹೀಗೆ ರೋಗ ತಗಲಿದ ಹೊಲ ಸುಮಾರು 2.25 ಲಕ್ಷ ಹೆಕ್ಟೇರ್, ಎಕರೆ ಲೆಕ್ಕದಲ್ಲಿ ಐದೂವರೆ ಲಕ್ಷ. ನಷ್ಟ 300 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜು ಮಾಡಿದರು. ಮಳೆಯನ್ನೇ ನಂಬಿ, ಸಾಲ ತಂದು ಬೀಜ ಹಾಕಿದ ಸೀಮೆಗೆ 300 ಕೋಟಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಇದನ್ನು ಹಳೇ ಕುಡಿ ಒಣಗುವ ರೋಗ ಎಂದೇ ತಿಳಿದರು. ಅದೂ ವೈರಸ್ಸಿನಿಂದ ಬರುವಂಥದ್ದೇ, ಅದನ್ನು ತರುವುದೂ ಥ್ರಿಪ್ಸ್ ನುಸಿಯೇ. ಆದರೆ ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದಾಗ ಆ ವೈರಸ್ ಸಿಗಲಿಲ್ಲ. ಸಿಕ್ಕಿದ್ದು ಟೊಬ್ಯಾಕೊ ಸ್ಟ್ರೀಕ್ ಎಂಬ ಬೇರೆಯೇ ವೈರಸ್. ನಮ್ಮ ದೇಶದ ಕಡಲೆಕಾಯಿಯಲ್ಲಿ ಅದನ್ನು ಗುರುತಿಸಿದ್ದು ಆಗಲೇ ಮೊದಲು.

ಇಲ್ಲಿ ನಮ್ಮ ಬಾಗೇಪಲ್ಲಿ ಬರುತ್ತದೆ. 1997ರಲ್ಲಿ, ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ಅಲ್ಲಿನ ಸೂರ್ಯಕಾಂತಿ ಹೊಲದಲ್ಲಿ ಹೀಗೇ ಒಣಗುವ ಹೊಸ ರೋಗವೊಂದು ಕಾಣಿಸಿಕೊಂಡಿತ್ತು. ಆ ಸೂರ್ಯಕಾಂತಿಯ ರೋಗಕ್ಕೆ ಕಾರಣವೂ ಇದೇ ವೈರಸ್ ಎಂದು ಆಮೇಲೆ ತಿಳಿಯಿತು. ಅಂದರೆ ಕಡಲೆಕಾಯಿ ಹೊಲ ಒಣಗುವ ಮೂರು ವರ್ಷ ಮೊದಲೇ ವೈರಸ್ ಪಕ್ಕದ ಬೆಳೆಯಲ್ಲಿ ಮುಖ ತೋರಿಸಿತ್ತು. ಸೂರ್ಯಕಾಂತಿಯ ರೋಗ ಸೂರ್ಯಕಾಂತಿಯವರಿಗೆ, ಕಡಲೆಕಾಯಿಯ ರೋಗ ಕಡಲೆಕಾಯಿಯವರಿಗೆ ಎಂದು ಬೇರೆಬೇರೆಯಾಗಿ ನೋಡುವ ಅಭ್ಯಾಸ ನಮ್ಮದು. ರೈತನ ಹೊಲದಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

ಹಾಗಾದರೆ ವೈರಸ್ ಇದ್ದದ್ದೆಲ್ಲಿ? ಬದುವಿನ ಮೇಲೆ, ರಸ್ತೆ ಪಕ್ಕದಲ್ಲಿ, ಬೀಳುಬಿಟ್ಟ ಜಮೀನಿನಲ್ಲಿ. ಕಾಂಗ್ರೆಸ್ ಗಿಡದಲ್ಲಿ. ಪಾರ್ಥೇನಿಯಂ ಎಂದರೂ ಅದೇ. ಮೋಸ ಏನೆಂದರೆ, ವೈರಸ್ ತುಂಬಿಕೊಂಡ ಕಾಂಗ್ರೆಸ್ ಗಿಡಕ್ಕೆ ಏನೂ ಆಗಿರುವುದಿಲ್ಲ. ಹಸಿರಾಗಿ, ಬೆಳ್ಳಗೆ ಹೂ ಬಿಟ್ಟು ನಿಂತಿರುತ್ತದೆ. ವೈರಸ್ ಇರುವುದು ಅದರ ಹೂವಿನ ಪರಾಗದಲ್ಲಿ. ನುಸಿ ಹೂವಿನೊಳಗೆ ಹೊರಳಾಡಿದಾಗ ಮೈಗೆ ಪರಾಗ ಅಂಟುತ್ತದೆ. ಅದೇ ನುಸಿ ಹಾರಿಬಂದು ಕಡಲೆಕಾಯಿಯ ಎಳೇ ಎಲೆ ಕೆರೆದು ರಸ ಹೀರುತ್ತದೆ. ಕೆರೆದ ಗಾಯದ ಮೇಲೆ ಪರಾಗ ಬಿತ್ತೋ, ವೈರಸ್ ಒಳಗೆ ಹೋಯಿತು. ಗಾಳಿಗೆ ಹಾರಿದ ಪರಾಗ ಎಲೆಯ ಮೇಲೆ ಮೊದಲೇ ಕೂತಿದ್ದರೂ ಅಷ್ಟೇ.

ಇನ್ನೊಂದು ಸಂಗತಿ ನನಗೆ ಇಡೀ ಕಥೆಯಲ್ಲೇ ಮುಖ್ಯ ಎನಿಸುತ್ತದೆ. ಈ ರೋಗ ಕಡಲೆಕಾಯಿ ಗಿಡದಿಂದ ಕಡಲೆಕಾಯಿ ಗಿಡಕ್ಕೆ ಹರಡುವುದಿಲ್ಲ ಎನ್ನಬಹುದು. ಕಡಲೆಕಾಯಿ ಹೂವಿನ ಪರಾಗ ದಳದೊಳಗೆ ಮುಚ್ಚಿಕೊಂಡಿರುತ್ತದೆ, ನುಸಿಯ ಮೈಗೆ ಹತ್ತುವುದಿಲ್ಲ. ಬೀಜದಿಂದಲೂ ಬರುವುದಿಲ್ಲ. ಬಂದದ್ದೆಲ್ಲ ಹೊರಗಿನಿಂದ. ಹಾಗಾಗಿ ರೋಗ ಬಂದ ಗಿಡ ಕಿತ್ತು ಸುಟ್ಟರೆ ಹೆಚ್ಚು ಉಪಯೋಗವಿಲ್ಲ. ಎಲೆ ಬಾಡಿದ ಮೇಲೆ ಔಷಧಿ ಹೊಡೆದರೂ ಇಲ್ಲ, ಯಾಕೆಂದರೆ ಯಾವ ಔಷಧಿಯೂ ಒಳಗೆ ಹೋದ ವೈರಸ್ಸನ್ನು ಕೊಲ್ಲುವುದಿಲ್ಲ. ಅಂಗಡಿಗೆ ಹೋಗಿ ಬಾಡಿದ ಎಲೆ ತೋರಿಸಿದರೆ ಒಂದು ಬಾಟಲಿಯಂತೂ ಕೈಗೆ ಬರುತ್ತದೆ, ಅದು ಬೇರೆ ಮಾತು.

ವಿಜ್ಞಾನಿಗಳು ಕೊಟ್ಟ ಸಲಹೆಯಲ್ಲಿ ಔಷಧಿಯ ಪಾಲು ಚಿಕ್ಕದು. ಎಳೇ ಗಿಡವನ್ನು ನುಸಿಯಿಂದ ಕಾಯಲು ಇಮಿಡಾಕ್ಲೋಪ್ರಿಡ್‌ನಿಂದ ಬೀಜೋಪಚಾರ, ಅಷ್ಟೆ. (ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅಂದಾಜಿಗೆ ಹಾಕಬೇಡಿ.) ಉಳಿದದ್ದೆಲ್ಲ ಕೈಕೆಲಸ. ಸಾಲಿನಲ್ಲಿ ಗಿಡ ಒತ್ತಾಗಿರಬೇಕು, ಬಯಲಾಗಿ ಕಾಣುವ ಜಾಗಕ್ಕೆ ನುಸಿ ಹೆಚ್ಚು ಇಳಿಯುತ್ತದೆ. ಪಕ್ಕದಲ್ಲಿ ಸೂರ್ಯಕಾಂತಿ, ಚೆಂಡುಹೂ ಬೇಡ. ಹೊಲದ ಸುತ್ತ ಏಳರಿಂದ ಹನ್ನೊಂದು ಸಾಲು ಜೋಳ ಅಥವಾ ಸಜ್ಜೆಯನ್ನು ಕಡಲೆಕಾಯಿಯ ಜೊತೆಗೇ ಬಿತ್ತಬೇಕು. ಬೇಗ ಎತ್ತರಕ್ಕೆ ಬೆಳೆಯುವ ಈ ಬೇಲಿ ಗಾಳಿಯಲ್ಲಿ ತೇಲಿಬರುವ ನುಸಿಯನ್ನೂ ಪರಾಗವನ್ನೂ ತಡೆಯುತ್ತದೆ.

ಜೋಳದ ಸಾಲು ಅಂದೊಡನೆ ನಮ್ಮ ಹಿರಿಯರಿಗೆ ಅಕ್ಕಡಿ ನೆನಪಾಗುತ್ತದೆ. ಕಡಲೆಕಾಯಿ ನಡುವೆ ತೊಗರಿ, ಅಲಸಂದೆ, ಜೋಳ ಹಾಕುತ್ತಿದ್ದ ಕಾಲ. ‘ನಮ್ಮಜ್ಜ ಇದನ್ನೇ ಮಾಡುತ್ತಿದ್ದ’ ಎಂದು ಎದೆ ತಟ್ಟಿಕೊಳ್ಳುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಅಕ್ಕಡಿ ಇದ್ದದ್ದು ಮನೆಯ ಊಟಕ್ಕೆ, ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಎಂದು. ನಡುವೆ ಒಂದೆರಡು ಸಾಲು ಹಾಕಿದರೆ ಈ ರೋಗಕ್ಕೆ ಅಡ್ಡಗೋಡೆಯಾಗದು. ಆದರೂ ಅಕ್ಕಡಿ ಹಾಕಿ ಅಭ್ಯಾಸವಿದ್ದವರಿಗೆ ಜೋಳದ ಬೇಲಿ ಹೊಸ ಪಾಠವಂತೂ ಅಲ್ಲ.

ಕಾಂಗ್ರೆಸ್ ಗಿಡ ಅಮೆರಿಕ ಖಂಡದ್ದು. ಕಡಲೆಕಾಯಿಯೂ ಆ ಕಡೆಯಿಂದಲೇ ಬಂದದ್ದು, ಅದು ಮಾತ್ರ ನಮಗೆ ಅನ್ನ ಕೊಟ್ಟಿತು. ಪುಣೆಯಲ್ಲಿ 1950ರ ದಶಕದ ನಡುವಿನಲ್ಲಿ ಈ ಕಳೆ ಎಲ್ಲರ ಕಣ್ಣಿಗೆ ಬಿತ್ತು. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬುದು ಜನರ ಮಾತು. ಅದನ್ನು ತಿನ್ನಲೆಂದು ಮೆಕ್ಸಿಕೊದ ದುಂಬಿಯೊಂದನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಮುಂಗಾರಿಗೆ ಮೊದಲು ಬೀಳುವ ಮಳೆಗೆ ಹುಟ್ಟಿದ ಕಾಂಗ್ರೆಸ್ ಗಿಡ, ದುಂಬಿ ಎದ್ದು ಹೆಚ್ಚಿಕೊಳ್ಳುವಷ್ಟರಲ್ಲಿ ಹೂ ಬಿಟ್ಟಿರುತ್ತದೆ.

ಹುಟ್ಟಿ ಸುಮಾರು ಒಂದು ತಿಂಗಳಿಗೇ ಅದಕ್ಕೆ ಹೂ. ಆದ್ದರಿಂದ ಮೊದಲ ಹದಮಳೆ ಬಿದ್ದ ಮೇಲೆ ಮೂರು ವಾರದೊಳಗೆ, ನೆಲ ಹಸಿಯಿದ್ದಾಗ, ಕೈಗೆ ಗವಸು ಹಾಕಿಕೊಂಡು ಬೇರು ಸಮೇತ ಕೀಳಬೇಕು. ಹೂ ಬಂದ ಮೇಲೆ ಅಲ್ಲಾಡಿಸಿದರೆ ಪರಾಗವನ್ನು ನಾವೇ ಉದುರಿಸಿದಂತೆ. ತನ್ನ ಬದುವಿನದನ್ನು ರೈತ ಕಿತ್ತಾನು. ಕೆರೆ ಏರಿ, ಗೋಮಾಳ, ರಸ್ತೆ ಬದಿಯದು ಪಂಚಾಯಿತಿಯ ಲೆಕ್ಕಕ್ಕೆ ಬರುತ್ತದೆ. ಅದನ್ನು ಮೇ ತಿಂಗಳ ಸಭೆಯಲ್ಲೇ ಎತ್ತಬೇಕು. ಬಿತ್ತನೆ ಮುಗಿದ ಮೇಲೆ ಎತ್ತಿದರೆ ಹೂ ಬಂದಿರುತ್ತದೆ.