ಕುಲ, ನಾಡು, ಸಮುದಾಯ: ‘ನೊಳಂಬ’ ಎಂಬ ಹೆಸರಿನ ಚರಿತ್ರೆ

ಸಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಮಡಕಶಿರಾ ಸೀಮೆ ಇಂದು ಆಂಧ್ರಪ್ರದೇಶದಲ್ಲಿದೆ. ಅಲ್ಲಿನ ಹೇಮಾವತಿಯೇ ಶಾಸನಗಳ ಹೆಂಜೇರು, ನೊಳಂಬ ಅರಸರ ರಾಜಧಾನಿ. ರಾಜಧಾನಿಯ ಹಳೆಯ ಹೆಸರು ಬಳಕೆಯಿಂದ ಮರೆಯಾಯಿತು. ಅರಸರ ಹೆಸರು ಮಾತ್ರ ತುಮಕೂರು ಸೀಮೆಯ ನೊಣಬ ಲಿಂಗಾಯತರಲ್ಲಿ ಉಳಿದಿದೆ. ಅರಸುಮನೆತನ, ನಾಡು, ಸಮುದಾಯ ಮೂರಕ್ಕೂ ಒಂದೇ ಹೆಸರಿರುವಾಗ ಅವುಗಳ ನಡುವೆ ರಕ್ತಸಂಬಂಧವನ್ನು ಊಹಿಸುವುದು ಸಹಜ. ಆ ಊಹೆಗೆ ಭಾಷಿಕ ಸಾಕ್ಷ್ಯದ ಬೆಂಬಲ ಎಷ್ಟಿದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮೊದಲು ಧ್ವನಿರೂಪ. ನೊಳಂಬ > ನೊಣಂಬ > ನೊಣಬ ಎಂಬ ಬೆಳವಣಿಗೆಯಲ್ಲಿ ಎರಡು ಹಂತಗಳಿವೆ. ಮುಂದಿನ ಅನುನಾಸಿಕದ ಪ್ರಭಾವದಿಂದ ಳಕಾರವು ಣಕಾರವಾಗುತ್ತದೆ. ಬಳಿಕ ಬಕಾರದ ಹಿಂದಿನ ಅನುನಾಸಿಕ ಲೋಪವಾಗುತ್ತದೆ. ತಮಿಳಿನ ‘ಎಲುಂಬು’ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ‘ಎಲುಬು’ ಇರುವುದನ್ನು ಇಲ್ಲಿ ಹೋಲಿಸಬಹುದು. ಹೀಗಾಗಿ ‘ನೊಣಬ’ದಲ್ಲಿ ‘ನೊಣ’ವನ್ನು ಕಾಣುವ ನಿಷ್ಪತ್ತಿಗೆ ಧ್ವನಿಸಾಮ್ಯವಲ್ಲದೆ ಬೇರೆ ಆಧಾರವಿಲ್ಲ.

ಹೆಸರಿನ ಸಂಚಾರ ಇದಕ್ಕಿಂತ ಜಟಿಲ. ಕುಲದ ಹೆಸರು ನೊಳಂಬವಾಡಿ 32000 ಎಂಬ ನಾಡಿನ ಹೆಸರಾಯಿತು. ಗಂಗರ ಇಮ್ಮಡಿ ಮಾರಸಿಂಹ (963–975) ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದನು. ಆದರೂ ಒಂದನೆಯ ರಾಜರಾಜ ಚೋಳನ ತಮಿಳು ಪ್ರಶಸ್ತಿಯಲ್ಲಿ ಆ ನಾಡು ‘ನುಳಂಬಪಾಡಿ’ ಎಂದೇ ಕಾಣಿಸಿಕೊಳ್ಳುತ್ತದೆ. ಕುಲದ ಅಧಿಕಾರ ಕುಸಿದರೂ ನಾಡಿನ ಹೆಸರು ಅಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ರಾಜಕುಮಾರ ಜಯಸಿಂಹನು ‘ತ್ರೈಲೋಕ್ಯಮಲ್ಲ ನೊಳಂಬ ಪಲ್ಲವ ಪೆರ್ಮಾನಡಿ’ ಎನಿಸಿಕೊಂಡನು. ಅವನು ಆರನೆಯ ವಿಕ್ರಮಾದಿತ್ಯನ ತಮ್ಮ. ಅವನಿಗೆ ಈ ಹೆಸರು ವಂಶದಿಂದ ಬಂದುದಲ್ಲ, ಆಳ್ವಿಕೆಯಿಂದ ಬಂದುದು.

ಸಮುದಾಯದ ಹೆಸರು ಕುಲದಿಂದ ಬಂದಿತೋ, ನಾಡಿನಿಂದ ಬಂದಿತೋ? ನೆರೆಯ ಗಂಗವಾಡಿಯ ನಿದರ್ಶನ ಇಲ್ಲಿ ಉಪಯುಕ್ತ. ಗಂಗವಾಡಿಯಿಂದ ‘ಗಂಗಡಿಕಾರ’ ಸಿದ್ಧಿಸಿದೆ. ‘ವಾಡಿ’ಯ ಅವಶೇಷವೂ ‘ಕಾರ’ ಪ್ರತ್ಯಯವೂ ಅದರಲ್ಲಿ ಉಳಿದಿರುವುದರಿಂದ ಅದು ನಾಡಿನ ಒಕ್ಕಲನ್ನು ಸೂಚಿಸುತ್ತದೆಯೇ ಹೊರತು ಗಂಗರ ಸಂತತಿಯನ್ನಲ್ಲ. ‘ನೊಣಬ’ದಲ್ಲಿ ಅಂಥ ಗುರುತಿಲ್ಲ. ಆದ್ದರಿಂದ ಪದರಚನೆಯೊಂದರಿಂದಲೇ ಈ ಪ್ರಶ್ನೆ ತೀರ್ಮಾನವಾಗದು. ಆದರೆ ಗಂಗಡಿಕಾರರ ಸಾದೃಶ್ಯ ಮತ್ತು ಜಯಸಿಂಹನ ಬಿರುದು ಎರಡೂ ಹೆಸರು ನೆಲದ ಮೂಲಕ ಹರಿದಿರುವ ಸಾಧ್ಯತೆಯನ್ನೇ ಬಲಪಡಿಸುತ್ತವೆ.

ಬರವಣಿಗೆಯಲ್ಲಿ ಇಂದು ‘ನೊಳಂಬ’ ರೂಪವನ್ನು ಮರಳಿ ಬಳಸುವುದು ಹೆಚ್ಚುತ್ತಿದೆ. ಹಳೆಯ ರೂಪದ ಮೇಲಿನ ಅಭಿಮಾನ ಅರ್ಥವಾಗುವಂಥದ್ದು. ಆದರೆ ಹತ್ತು ಶತಮಾನಗಳ ಆಡುಮಾತನ್ನು ದಾಟಿ ಬಂದ ‘ನೊಣಬ’ ಅಪಭ್ರಷ್ಟವಲ್ಲ. ಜನರು ಆ ಹೆಸರನ್ನು ಎಡೆಬಿಡದೆ ಆಡುತ್ತ ಬಂದರೆಂಬುದಕ್ಕೆ ಅದೇ ಸಾಕ್ಷಿ. ಶಾಸನದ ರೂಪವನ್ನು ಕಲ್ಲು ಕಾಪಾಡಿತು, ಈ ರೂಪವನ್ನು ನಾಲಗೆ ಕಾಪಾಡಿತು. ಹೆಸರಿನ ಚರಿತ್ರೆಯನ್ನು ವಂಶಾವಳಿಯೆಂದು ಓದದೆ, ನೆಲ ಮತ್ತು ನುಡಿಗಳ ಚರಿತ್ರೆಯೆಂದು ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ.