ಹಲ್ಲು ಕೀಳುವುದರಿಂದ ಬಾಯಿ ಉಳಿಸುವವರೆಗೆ

ಹಲ್ಲು ನೋವಿಗೆ ಲವಂಗ ಕಚ್ಚುವುದು, ತಡೆಯಲಾಗದಿದ್ದರೆ ಕೀಳಿಸಿಕೊಳ್ಳುವುದು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಬಹುಕಾಲ ದಂತ ಚಿಕಿತ್ಸೆ ಎಂದರೆ ಇಷ್ಟೇ ಆಗಿತ್ತು. ಹಲ್ಲಿಗಾಗಿಯೇ ಒಬ್ಬ ವೈದ್ಯ, ಆ ವೈದ್ಯನಿಗಾಗಿಯೇ ಒಂದು ಕಾಲೇಜು ಎಂಬ ಕಲ್ಪನೆ ಜಗತ್ತಿಗೂ ತೀರಾ ಹಳೆಯದೇನಲ್ಲ.

ಹಾಗೆಂದು ನಮ್ಮ ಪೂರ್ವಿಕರು ಬಾಯಿಯ ಕಾಯಿಲೆಗಳನ್ನು ಅರಿಯದವರಲ್ಲ. ಸುಶ್ರುತ ಸಂಹಿತೆ 65 ಬಗೆಯ ಮುಖರೋಗಗಳನ್ನು ಎಣಿಸುತ್ತದೆ. ಆದರೆ ದಂತವೈದ್ಯಕ್ಕೆಂದೇ ಮೊದಲ ಕಾಲೇಜು ಹುಟ್ಟಿದ್ದು 1840ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಭಾರತದಲ್ಲಿ ಡಾ. ರಫೀಉದ್ದೀನ್ ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಇಂಥ ಕಾಲೇಜು ತೆರೆದರು. 1948ರ ದಂತವೈದ್ಯರ ಕಾಯ್ದೆ ಈ ವೃತ್ತಿಗೆ ಕಾನೂನಿನ ಚೌಕಟ್ಟು ಒದಗಿಸಿತು. ಬೆಂಗಳೂರಿನಲ್ಲಿ 1958ರಲ್ಲಿ ಸರ್ಕಾರಿ ದಂತ ಕಾಲೇಜು, ಮಣಿಪಾಲದಲ್ಲಿ 1965ರಲ್ಲಿ ಖಾಸಗಿ ಕಾಲೇಜು ಬಂದವು.

ಬೆಳಗಾವಿಯ ಸರದಿ ಬಂದದ್ದು 1985ರಲ್ಲಿ. 1916ರಲ್ಲಿ ಸ್ಥಾಪನೆಯಾಗಿ, 1963ರಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದ್ದ ಕೆಎಲ್‌ಇ ಸಂಸ್ಥೆಯೇ ದಂತ ಕಾಲೇಜನ್ನೂ ತೆರೆಯಿತು. ಆ ಕಾಲೇಜು ಇಂದು ಹೊತ್ತಿರುವುದು ಹುಕ್ಕೇರಿಯ ಶಾಸಕರಾಗಿದ್ದು ಅದೇ 1985ರಲ್ಲಿ ನಿಧನರಾದ ವಿಶ್ವನಾಥ ಕತ್ತಿ ಅವರ ಹೆಸರನ್ನು. 2006ರಲ್ಲಿ ಕೆಎಲ್‌ಇ ಉನ್ನತ ಶಿಕ್ಷಣ ಅಕಾಡೆಮಿಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆತು, ಕಾಲೇಜು ಅದರ ಅಂಗವಾಯಿತು.

ಬಿಡಿಎಸ್ ಮುಗಿಸಿದವರು ಮತ್ತೆ ಮೂರು ವರ್ಷ ಓದುವುದು ಎಂಡಿಎಸ್. ಹಲ್ಲು ಒಂದೇ ಆದರೂ ಶಾಖೆಗಳು ಹಲವು. ವಸಡಿನವರು ಬೇರೆ, ಹಲ್ಲು ಸಾಲು ನೇರ ಮಾಡುವವರು ಬೇರೆ, ಕೃತಕ ಹಲ್ಲು ಕಟ್ಟುವವರು ಬೇರೆ. ಮಕ್ಕಳ ಹಲ್ಲಿಗೆ, ದವಡೆಯ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ತಜ್ಞರು. ಬಾಯಿಯ ಚೂರು ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವವರು ಇನ್ನೊಬ್ಬರು.

ಇಷ್ಟೊಂದು ವಿಂಗಡಣೆ ಏಕೆ ಎಂದು ಕೇಳುವವರಿಗೆ ಉತ್ತರ ಈ ಸೀಮೆಯಲ್ಲಿಯೇ ಇದೆ. ಪಕ್ಕದ ನಿಪ್ಪಾಣಿ ತಂಬಾಕಿಗೆ ಹೆಸರುವಾಸಿ. ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕಿದ ತಂಬಾಕು ದುಡಿಯುವವರ ದವಡೆಯಲ್ಲಿ ದಿನವಿಡೀ ಕೂರುತ್ತದೆ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿದರೂ ಅಡಿಕೆ, ತಂಬಾಕಿನ ಚಟ ಹೋಗಿಲ್ಲ. ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಬಿಗಿದು, ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತಂಬಾಕು ಇಡುವ ಜಾಗದಲ್ಲಿ ಬಿಳಿ ಕಲೆ ಮೂಡುತ್ತದೆ. ಇವೆರಡೂ ಕ್ಯಾನ್ಸರ್‌ಗೆ ತಿರುಗಬಲ್ಲವು.

ತೊಡಕು ಇರುವುದು ಇಲ್ಲಿಯೇ. ಬಿಳಿ ಕಲೆ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದೆ ದಿನಗೂಲಿ ಬಿಟ್ಟು, ಬಸ್ ಹತ್ತಿ ಬೆಳಗಾವಿಗೆ ಹೋಗುವವರು ಯಾರು? ನೋವು ಬಂದ ಮೇಲೆ ಹೋದರೆ ಎಷ್ಟೋ ಸಲ ತಡವಾಗಿರುತ್ತದೆ. ಊರೂರಿಗೆ ಹೋಗಿ ಬಾಯಿ ತಪಾಸಣೆ ಮಾಡುವ ಸಮುದಾಯ ದಂತವೈದ್ಯವೂ ಎಂಡಿಎಸ್‌ನ ಒಂದು ಶಾಖೆಯಾಗಿರುವುದು ಇದೇ ಕಾರಣಕ್ಕೆ. ಹುಕ್ಕೇರಿಯ ನಾಯಕರೊಬ್ಬರ ಹೆಸರು ಕಾಲೇಜಿನ ಬಾಗಿಲ ಮೇಲಿದೆ. ಅಲ್ಲಿನ ವಿದ್ಯೆ ಹುಕ್ಕೇರಿಯ ಹೊಲದ ಬದುವಿನವರೆಗೂ ನಡೆದು ಬಂದಾಗಲೇ ಆ ಹೆಸರಿಗೆ ಪೂರ್ಣ ಅರ್ಥ.