ಭೂಮಿಗೂ ಕಾವೇರಿಗೂ ಗಂಟು ಹಾಕಿದ ಕಥೆ

ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ತಂತ್ರಾಂಶವನ್ನು ಬೇರೆ ತಂತ್ರಾಂಶಗಳಿಗೆ ಜೋಡಿಸುವುದು ನನ್ನ ಹೊಟ್ಟೆಪಾಡು. ಇಲ್ಲಿ ಉಳಿಸಿದ ಕಾಗದ ಅಲ್ಲಿಗೆ ತಾನಾಗಿ ತಲುಪಬೇಕು, ಅಷ್ಟೇ. ಹೇಳೋದು ಸುಲಭ ಬಿಡಿ :-) ನಮ್ಮಲ್ಲಿ ಇದರ ದೊಡ್ಡ ಉದಾಹರಣೆ ಅಂದರೆ ಪಹಣಿ.

ಕೆಂಪು ಬಾಳೆಹಣ್ಣಿನ ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ಅದಕ್ಕೂ ಮೊದಲು ಅದು ಕಲಬುರಗಿ (ಆಗಿನ ಗುಲ್ಬರ್ಗಾ) ತಾಲ್ಲೂಕಿನ ಹೋಬಳಿ. ಅಲ್ಲಿನ ಹೊಲದ ಲೆಕ್ಕ ನಿಜಾಮರ ಕಾಲದಲ್ಲಿ ಪಟವಾರಿಯ ಬಳಿ, ಆಮೇಲೆ ಗ್ರಾಮ ಲೆಕ್ಕಿಗರ ಬಗಲಲ್ಲಿ. 2002ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ!

2003-04ರಲ್ಲಿ ನೋಂದಣಿ ಇಲಾಖೆಗೆ 'ಕಾವೇರಿ' ಬಂತು. ಆದರೆ ಎರಡಕ್ಕೂ ಮಾತುಕತೆ ಇಲ್ಲ. ಹೊಲ ಕೊಂಡರೆ ಕ್ರಯಪತ್ರ ಒಂದು ಕಚೇರಿಯಲ್ಲಿ, ಹೆಸರು ಬದಲಾವಣೆ ಇನ್ನೊಂದರಲ್ಲಿ. ನಡುವೆ ಓಡಾಡುತ್ತಿದ್ದದ್ದು 'ಜೆ ಸ್ಲಿಪ್' ಎಂಬ ಕಾಗದ. ಅದು ತಲುಪುವ ತನಕ ಪಹಣಿಯಲ್ಲಿ ಮಾರಿದವನ ಹೆಸರೇ. ಅವನು ಮನಸ್ಸು ಮಾಡಿದರೆ ಅದನ್ನೇ ತೋರಿಸಿ ಸಾಲ ಎತ್ತಬಹುದು, ಇನ್ನೊಬ್ಬರಿಗೂ ಮಾರಬಹುದು. ದುಡ್ಡು ಕೊಟ್ಟವನ ಗತಿ?

ಜೋಡಿಸೋಣ ಅಂದರೆ ಎರಡರ ಯೋಚನೆಯೇ ಬೇರೆ. ಕಾವೇರಿಗೆ ಬೇಕಾದದ್ದು ದಸ್ತಾವೇಜು. ಹಳೆ ಕ್ರಯಪತ್ರದ ಕೊನೆಯ ಪುಟ ನೋಡಿ, ದಾಖಲೆ ಸಂಖ್ಯೆ, ಸ್ಕ್ಯಾನ್ ಪ್ರತಿ ಇರುವ ಸಿ.ಡಿ. ನಂಬರ್ ಇರುತ್ತೆ. ಭೂಮಿಗೆ ಬೇಕಾದದ್ದು ನೆಲ: ಊರು, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. (ಸರ್ನೋಕ್ ಕಡೆ ಬಹಳ ಸಲ ಬರೀ ಒಂದು ನಕ್ಷತ್ರ ಚಿಹ್ನೆ. ಡೇಟಾಬೇಸ್ ಮಾಡುವವರಿಗೆ ನನ್ನ ಸಂತಾಪ.) ಈ ನಾಲ್ಕನ್ನು ಕೀಲಿ ಮಾಡಿಕೊಂಡ ಮೇಲೆ ಕಾವೇರಿಯು ನೋಂದಣಿಗೆ ಮೊದಲೇ ಭೂಮಿಯಿಂದ ಮಾಲೀಕರ ವಿವರ ಎಳೆದುಕೊಳ್ಳತೊಡಗಿತು. ಜೆ ಸ್ಲಿಪ್ ತಂತಿಯಲ್ಲೇ ಹೋಗಿ ಮ್ಯುಟೇಶನ್ ಶುರುವಾಗತೊಡಗಿತು.

ಆದರೆ ನಾಲ್ಕೆಕರೆಯಲ್ಲಿ ಒಂದೆಕರೆ ಮಾತ್ರ ಮಾರಿದರೆ? ಆ ಒಂದೆಕರೆಗೆ ಇನ್ನೂ ಹಿಸ್ಸಾ ನಂಬರೇ ಹುಟ್ಟಿಲ್ಲ, ಕೀಲಿ ಎಲ್ಲಿಂದ ತರೋದು? ಅದಕ್ಕೇ ಮೊದಲು ಅಳತೆ, 11ಇ ನಕ್ಷೆ, ಆಮೇಲೆ ನೋಂದಣಿ ಅಂತ ನಿಯಮ ಬಂತು. ಸರ್ವೆಯವರ 'ಮೋಜಿಣಿ'ಯನ್ನೂ ಈ ಗಂಟಿಗೆ ಸೇರಿಸಿದರು. ರೈತರು ಬೈದರು, ಕೋಡ್ ಬರೆಯುವವನಾಗಿ ನಾನು ಇಲ್ಲಿ ಇಲಾಖೆಯ ಪರ.

2023ರಲ್ಲಿ ಕಾವೇರಿ 2.0 ಬಂತು. ಆದರೂ ಪಹಣಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ ಅಂತಿದ್ದರೆ ಒಬ್ಬನೇ ಮನುಷ್ಯ ಅಂತ ಹೇಳೋಕೆ ಊರಿನವರೇ ಬೇಕು.